ಕಡಿಮೆ ಕಾಸಿನ ಸ್ಲ್ಯಾಷರ್: ನೋಡುವುದು ಹೇಗೆ, ಅಭಿಪ್ರಾಯ ಬರೆಯುವುದು ಹೇಗೆ

"ಒಂದ್ಸಲ ನೋಡಬಹುದು." "ಮೇಕಿಂಗ್ ಓಕೆ, ಲಾಜಿಕ್ ಇಲ್ಲ." "ಬಿಜಿಎಂ ಬೆಂಕಿ." ಚಾಕು ಹಿಡಿದ ಒಬ್ಬ ಕೊಲೆಗಾರ, ಒಬ್ಬೊಬ್ಬರಾಗಿ ಸಾಯುವ ಹುಡುಗ ಹುಡುಗಿಯರು, ಕೊನೆಗೆ ಉಳಿಯುವ ಒಬ್ಬಳು ಇರುವ ಸ್ಲ್ಯಾಷರ್ ಸಿನಿಮಾ ನೋಡಿ ಬಂದವರು ಬರೆಯುವುದು ಹೆಚ್ಚಾಗಿ ಇಷ್ಟೇ. ಓದಿದವನಿಗೆ ಇವತ್ತು ರಾತ್ರಿ ತೊಂಬತ್ತು ನಿಮಿಷ ಇದಕ್ಕೆ ಕೊಡಬೇಕೋ ಬೇಡವೋ ಎಂಬುದು ಇದರಿಂದ ತಿಳಿಯುವುದಿಲ್ಲ.

ಇಂಥ ಚಿತ್ರಗಳನ್ನು ತೂಗಲು ಒಂದೇ ಪ್ರಶ್ನೆ ಸಾಕು: ಇದ್ದ ಕಾಸು ಎಲ್ಲಿಗೆ ಹೋಯಿತು? ಕಾಸು ಇರಲಿಲ್ಲ ಎಂಬುದು ದೋಷವೂ ಅಲ್ಲ, ಕ್ಷಮೆಯೂ ಅಲ್ಲ.

ಜಾನ್ ಕಾರ್ಪೆಂಟರ್ 1978ರಲ್ಲಿ ಮಾಡಿದ 'ಹ್ಯಾಲೋವೀನ್' ಚಿತ್ರವನ್ನೇ ತೆಗೆದುಕೊಳ್ಳಿ. ಬಜೆಟ್ ಸುಮಾರು 3 ಲಕ್ಷ ಡಾಲರ್. ಅದರಲ್ಲಿ ದೊಡ್ಡ ಪಾಲು ಪ್ಯಾನಾವಿಷನ್ ವೈಡ್‌ಸ್ಕ್ರೀನ್ ಕ್ಯಾಮೆರಾಗೆ ಹೋಯಿತು. ಹೆಸರಿದ್ದ ಒಬ್ಬ ನಟ ಬೇಕಿತ್ತು. ಡೊನಾಲ್ಡ್ ಪ್ಲೆಸೆನ್ಸ್ ಕೆಲವೇ ದಿನ ಬಂದು ಹೋದರು. ಮುಖವಾಡಕ್ಕೆ ಖರ್ಚಾದದ್ದು ಎರಡು ಡಾಲರಿಗೂ ಕಡಿಮೆ: ಅಂಗಡಿಯಲ್ಲಿ ಸಿಗುತ್ತಿದ್ದ, 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್ ಪಾತ್ರದ ಮುಖವಾಡಕ್ಕೆ ಬಿಳಿ ಬಣ್ಣ ಬಳಿದು, ಕಣ್ಣಿನ ತೂತು ದೊಡ್ಡದು ಮಾಡಿದರು. ಕಥೆ ನಡೆಯುವುದು ಇಲಿನಾಯ್ ರಾಜ್ಯದ ಶರತ್ಕಾಲದಲ್ಲಿ, ಚಿತ್ರೀಕರಣ ಆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಹಾಗಾಗಿ ಬಣ್ಣ ಬಳಿದ ಒಣ ಎಲೆಗಳನ್ನು ರಸ್ತೆಗೆ ಸುರಿದು, ಶಾಟ್ ಮುಗಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿ, ಮುಂದಿನ ಶಾಟಿಗೆ ಮತ್ತೆ ಸುರಿಯುತ್ತಿದ್ದರು. ಕಣ್ಣು ಚುರುಕಾಗಿದ್ದರೆ ಹಸಿರು ಮರಗಳೂ ಅಲ್ಲೊಂದು ಇಲ್ಲೊಂದು ತಾಳೆ ಜಾತಿಯ ಮರವೂ ಕಾಣುತ್ತವೆ. ಅದನ್ನು ಹಿಡಿದು ನಗುವುದು ಸುಲಭ. ಆದರೆ ಆ ಕಾಸು ಎಲೆಗೆ ಹೋಗದೆ ಫ್ರೇಮಿನ ಅಗಲಕ್ಕೆ ಹೋದದ್ದರಿಂದಲೇ ಬೇಲಿಯ ಪಕ್ಕದಲ್ಲಿ, ಬಾಗಿಲಿನ ಕತ್ತಲಲ್ಲಿ ನಿಂತವನು ಹೆದರಿಸುತ್ತಾನೆ.

ನೋಡುವ ಮೊದಲು

ಮೊದಲು ಫ್ರೇಮಿನ ಅಗಲ ನೋಡಿಕೊಳ್ಳಿ. ಮೇಲಿನ ಚಿತ್ರ 2.35:1 ಅನುಪಾತದ್ದು (ಎತ್ತರ ಒಂದಾದರೆ ಅಗಲ 2.35), ಟಿವಿಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬರಲೇಬೇಕು. ಪರದೆ ತುಂಬ ಕಾಣುತ್ತಿದ್ದರೆ ಎರಡೂ ಬದಿ ಕತ್ತರಿಸಿದ ಪ್ರತಿ ಅದು. ಅಂಚಿನಲ್ಲಿ ನಿಂತ ಕೊಲೆಗಾರ ಕತ್ತರಿಗೆ ಹೋಗಿರುತ್ತಾನೆ. "ಏನೂ ಭಯ ಆಗಲಿಲ್ಲ" ಎಂದು ಅದನ್ನು ನೋಡಿ ಬರೆದರೆ ಬೈಗುಳ ತಪ್ಪು ವಿಳಾಸಕ್ಕೆ ಹೋದಂತೆ. ಟಿವಿಯ ರಿಮೋಟಿನಲ್ಲಿ 'ಜೂಮ್' ಒತ್ತಿಟ್ಟಿರುವ ಮನೆಗಳಲ್ಲೂ ಇದೇ ಕಥೆ.

ಆಮೇಲೆ ಅವಧಿ. ಮೂಲ ಎಷ್ಟು ನಿಮಿಷ, ನಿಮ್ಮ ಕೈಲಿರುವುದು ಎಷ್ಟು ನಿಮಿಷ ಹೋಲಿಸಿ. ಕಡಿಮೆ ಇದ್ದರೆ ಸೆನ್ಸಾರ್ ಕತ್ತರಿ ಬಿದ್ದಿರಬಹುದು, ಸ್ಲ್ಯಾಷರಿನಲ್ಲಿ ಕತ್ತರಿ ಮೊದಲು ಬೀಳುವುದೇ ಕೊಲೆಯ ದೃಶ್ಯಕ್ಕೆ. ಆದರೆ ಅವಸರ ಬೇಡ. ಹಳೆಯ ಪಾಲ್ (PAL ಎಂಬ ಟಿವಿ ಪದ್ಧತಿಯ) ಡಿವಿಡಿಗಳು ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ರ ವೇಗದಲ್ಲಿ ಓಡಿಸುತ್ತವೆ. 91 ನಿಮಿಷದ್ದು ಒಂದು ಫ್ರೇಮೂ ಹೋಗದೆ 87ಕ್ಕೆ ಮುಗಿಯುತ್ತದೆ, ದನಿಯೂ ಒಂದು ಎಳೆ ಕೀಚಲಾಗಿರುತ್ತದೆ. ಯಾವ ಪ್ರತಿ ನೋಡಿದಿರಿ, ಎಷ್ಟು ನಿಮಿಷದ್ದು, ಯಾವ ಭಾಷೆಯ ಡಬ್ಬಿಂಗ್ ಎಂಬುದು ನಿಮ್ಮ ಬರಹದ ಮೊದಲ ಸಾಲಿನಲ್ಲೇ ಇರಲಿ.

ಕೋಣೆ ಕತ್ತಲಿರಲಿ. ಸ್ಟ್ರೀಮಿಂಗಿನಲ್ಲಿ ಕಪ್ಪು ಭಾಗ ಚೌಕ ಚೌಕವಾಗಿ ಒಡೆಯುತ್ತಿದ್ದರೆ ಅದು ನಿಮ್ಮ ಇಂಟರ್ನೆಟ್ಟಿನ ಅಥವಾ ಸ್ಟ್ರೀಮಿಂಗಿನವರ ತಪ್ಪೇ ಹೊರತು ಛಾಯಾಗ್ರಾಹಕನದ್ದಲ್ಲ. ಥಿಯೇಟರಿನಲ್ಲಿ ನೋಡಿದವರಿಗೆ ಇನ್ನೊಂದು ಮಾತು: ಇಂಗ್ಲಿಷ್ ಚಿತ್ರಗಳಲ್ಲಿ ಸಾಮಾನ್ಯವಾಗಿ ಇಂಟರ್ವಲ್ ಎಂಬುದೇ ಇರುವುದಿಲ್ಲ, ನಮ್ಮಲ್ಲಿ ನಡುವೆ ಎಲ್ಲೋ ಕಡಿದು ಪಾಪ್‌ಕಾರ್ನ್ ಮಾರುತ್ತಾರೆ. "ಸೆಕೆಂಡ್ ಹಾಫ್ ಲಾಗ್" ಎನ್ನುವ ಮೊದಲು ಆ ಕಡಿತ ಎಲ್ಲಿ ಬಿತ್ತು ಎಂದು ನೆನಪಿಸಿಕೊಳ್ಳಿ.

ನೋಡುವಾಗ

ಒಂದು ಚೀಟಿ, ಒಂದು ಪೆನ್ನು ಸಾಕು. ಮೊಬೈಲ್ ಬೇಡ, ಅದರ ಬೆಳಕಿಗೆ ಕಣ್ಣು ಕತ್ತಲಿಗೆ ಮತ್ತೆ ಹೊಂದಿಕೊಳ್ಳಲು ಹೊತ್ತು ಹಿಡಿಯುತ್ತದೆ. ಬೆಚ್ಚಿದ್ದು, ನಗು ಬಂದದ್ದು, ಗಮನ ತಪ್ಪಿದ್ದು, ಈ ಮೂರಕ್ಕೆ ಮಾತ್ರ ನಿಮಿಷ ಗುರುತು ಹಾಕಿ. ಜೊತೆಗೆ ಮೊದಲ ಕೊಲೆ ಎಷ್ಟನೇ ನಿಮಿಷಕ್ಕೆ, ಎರಡನೆಯದು ಎಷ್ಟಕ್ಕೆ. ಕಡಿಮೆ ಬಜೆಟ್ಟಿನವರು ಮೊದಲ ಹತ್ತು ನಿಮಿಷದಲ್ಲಿ ಒಂದು ಕೊಲೆ ಇಟ್ಟು, ಆಮೇಲೆ ಅರ್ಧ ಗಂಟೆ ಹರಟೆಯಲ್ಲಿ ಕಳೆಯುವುದು ಹಳೇ ರೂಢಿ. ಹರಟೆಗೆ ಎಫೆಕ್ಟ್ಸ್ ಖರ್ಚಿಲ್ಲ. ಆ ಅರ್ಧ ಗಂಟೆಯಲ್ಲಿ ಮನೆಯ ನಕ್ಷೆ ನಿಮ್ಮ ತಲೆಗೆ ಬಂತೇ? ಅಡುಗೆಮನೆ ಎಲ್ಲಿ, ಹಿತ್ತಲ ಬಾಗಿಲು ಎಲ್ಲಿ, ಪಕ್ಕದ ಮನೆ ಎಷ್ಟು ದೂರ ಎಂದು ತಿಳಿದಿದ್ದರೆ ಕೊನೆಯ ಓಟದಲ್ಲಿ ಎದೆ ಹೊಡೆದುಕೊಳ್ಳುತ್ತದೆ. ತಿಳಿಯದಿದ್ದರೆ ಅದು ಬರೀ ಕಿರುಚಾಟ. ನಕ್ಷೆ ತಿಳಿಸುವುದಕ್ಕೆ ದುಡ್ಡು ಬೇಡ, ಕ್ಯಾಮೆರಾವನ್ನು ಎಲ್ಲಿಡಬೇಕೆಂಬ ಬುದ್ಧಿ ಬೇಕು. ಇಲ್ಲಿ ಎಡವಿದವರಿಗೆ ಬಜೆಟ್ಟಿನ ನೆಪ ಕೊಡಬೇಡಿ.

ಒಂದು ಕೊಲೆಯನ್ನು ಬಿಡಿಸಿ ನೋಡುವುದು

ಚಿತ್ರ ಮುಗಿದ ಮೇಲೆ ಒಂದೇ ಒಂದು ಕೊಲೆಯ ದೃಶ್ಯ ಆರಿಸಿಕೊಂಡು ಎರಡು ಸಲ ನೋಡಿ: ಒಮ್ಮೆ ಸದ್ದು ಮುಚ್ಚಿ, ಒಮ್ಮೆ ಕಣ್ಣು ಮುಚ್ಚಿ.

ಸದ್ದು ಮುಚ್ಚಿದಾಗ ಶಾಟ್ ಎಣಿಸಿ. ಆಯುಧ ಮೈಗೆ ತಾಗುವುದು ಯಾವ ಶಾಟಿನಲ್ಲಾದರೂ ಕಾಣುತ್ತದೆಯೇ? ಎತ್ತಿದ ಕೈ, ಕಿರುಚುವ ಬಾಯಿ, ಗೋಡೆಗೆ ಸಿಡಿದ ರಕ್ತ ಎಂದು ಮೂರು ತುಂಡು ಜೋಡಿಸಿದ್ದರೆ ಅದು ಅಗ್ಗದ ದಾರಿ, ಚೆನ್ನಾಗಿ ಜೋಡಿಸಿದರೆ ಒಳ್ಳೆಯ ದಾರಿಯೂ ಹೌದು. ಒಂದೇ ಶಾಟಿನಲ್ಲಿ ತೋರಿಸಿದರೆ ಕೃತಕ ಅಂಗ ಮಾಡಿಸಿದ್ದಾರೆ, ಕಾಸು ಅಲ್ಲಿಗೆ ಹೋಗಿದೆ ಎಂದರ್ಥ. 1980ರ 'ಫ್ರೈಡೇ ದ ಥರ್ಟೀನ್ತ್' ಚಿತ್ರದಲ್ಲಿ ಹಾಸಿಗೆಯ ಮೇಲೆ ಮಲಗಿದ ನಟ ಕೆವಿನ್ ಬೇಕನ್ ಗಂಟಲಿನಿಂದ ಬಾಣ ಹೊರಬರುತ್ತದೆ. ನಿಜವಾಗಿ ಆತ ಮಂಚದ ಕೆಳಗೆ ಇದ್ದು ತಲೆ ಮಾತ್ರ ಮೇಲೆ ತೂರಿಸಿದ್ದರು; ಕುತ್ತಿಗೆ, ಎದೆ ಮೇಕಪ್ ಎಫೆಕ್ಟ್ಸ್ ಕಲಾವಿದ ಟಾಮ್ ಸವೀನಿ ತಂಡ ಮಾಡಿದ ನಕಲು. ಟೇಕ್ ನಡೆಯುತ್ತಿರುವಾಗಲೇ ರಕ್ತದ ಪಂಪಿನ ಕೊಳವೆ ಕಳಚಿಕೊಂಡಿತು. ಸವೀನಿಯ ಸಹಾಯಕ ಆ ಕೊಳವೆಗೆ ಬಾಯಿ ಹಚ್ಚಿ ಊದಿದ. ತೆರೆಯ ಮೇಲೆ ರಕ್ತ ಗುಳುಗುಳು ಉಕ್ಕುವುದು ಅವನ ಉಸಿರಿನಿಂದ.

ರಕ್ತದ ಬಣ್ಣ, ಹೊಳಪು ನೋಡಿ. ಸಾಮಾನ್ಯವಾಗಿ ಬಳಸುವುದು ಕಾರ್ನ್ ಸಿರಪ್ಪಿಗೆ ಕೆಂಪು ಬಣ್ಣ, ಒಂದೆರಡು ಹನಿ ಹಳದಿ ಅಥವಾ ನೀಲಿ. ಸಿರಪ್ ಬೇಗ ಒಣಗುವುದಿಲ್ಲ. ನಿಜವಾದ ರಕ್ತ ಹೊತ್ತು ಕಳೆದಂತೆ ಕಂದಾಗುತ್ತದೆ, ಇದು ಬೆಳಗಾದರೂ ಜಾಮ್ ಹಾಗೆ ಮಿನುಗುತ್ತಿರುತ್ತದೆ. ಎಣ್ಣೆ ಪಸೆಯ ಚರ್ಮದ ಮೇಲೆ ಹರಡದೆ ಮಣಿಮಣಿಯಾಗಿ ನಿಲ್ಲುವುದೂ ಉಂಟು. ಇದಕ್ಕಿಂತ ದೊಡ್ಡ ಸೋಲು ಕಂಟಿನ್ಯೂಯಿಟಿಯದ್ದು: ಒಂದು ಶಾಟಿನಲ್ಲಿ ಕೆನ್ನೆಯ ಮೇಲಿದ್ದ ಕಲೆ ಮುಂದಿನ ಶಾಟಿನಲ್ಲಿ ಗದ್ದಕ್ಕೆ ಇಳಿದಿರುತ್ತದೆ, ಅದರ ಮುಂದಿನದರಲ್ಲಿ ಮಾಯ. ಬಟ್ಟೆ ಒಂದೇ ಜೊತೆ ಇದ್ದರೆ ರಕ್ತ ಬಿದ್ದ ಮೇಲೆ ಎರಡನೇ ಟೇಕ್ ಇಲ್ಲ. ಆದ್ದರಿಂದ ಇಂಥ ದೃಶ್ಯದಲ್ಲಿ ನಟನೆ ಸ್ವಲ್ಪ ಕೆಟ್ಟಿದ್ದರೂ ಅದೇ ಟೇಕ್ ಉಳಿದಿರುತ್ತದೆ.

ಕಣ್ಣು ಮುಚ್ಚಿ ಕೇಳಿದಾಗ ಇನ್ನೂ ಹೆಚ್ಚು ಗೊತ್ತಾಗುತ್ತದೆ. ಸಣ್ಣ ಬಜೆಟ್ಟಿನ ಚಿತ್ರಗಳು ಹೆಚ್ಚಾಗಿ ಸೋಲುವುದು ಚಿತ್ರದಲ್ಲಲ್ಲ, ಸದ್ದಿನಲ್ಲಿ. ಶಾಟ್ ಬದಲಾದಾಗಲೆಲ್ಲ ಕೋಣೆಯ ಗುಂಯ್ ಬದಲಾಗುತ್ತಿದೆಯೇ? ಕಾಡಿನಲ್ಲಿ ಮಾತಾಡುವವರ ದನಿ ಡಬ್ಬಿಂಗ್ ರೂಮಿನಲ್ಲಿ ಆಡಿದಂತಿದೆಯೇ? ಓಡುತ್ತಿದ್ದಾರೆ, ಹೆಜ್ಜೆ ಸದ್ದಿಲ್ಲವೇ? ಬೆಚ್ಚಿಸಲು ಪ್ರತಿ ಸಲವೂ ಢಣ್ ಎಂದು ಬಾರಿಸುತ್ತಾರೆಯೇ? ಬೆಕ್ಕು ಹಾರಿದಾಗಲೂ ಅಷ್ಟೇ ಜೋರು, ಕೊಲೆಗಾರ ಬಂದಾಗಲೂ ಅಷ್ಟೇ ಜೋರು ಎಂದಾದರೆ ಮೂರನೇ ಸಲಕ್ಕೆ ಕಿವಿ ನಂಬುವುದು ಬಿಡುತ್ತದೆ. 'ಹ್ಯಾಲೋವೀನ್'ಗೆ ಕಾರ್ಪೆಂಟರ್ ತಾವೇ ಬರೆದ ಪಿಯಾನೋ ಧಾಟಿ ಐದು ಎಣಿಕೆಯದ್ದು. ನಾಲ್ಕಕ್ಕೆ ಒಗ್ಗಿದ ಕಿವಿ ಪ್ರತಿ ಸುತ್ತಿನಲ್ಲೂ ಒಂದು ಹೆಜ್ಜೆ ಎಡವುತ್ತದೆ. ಖಂಡ ಗತಿ ಬಲ್ಲವರಿಗೆ ಕೈಯಲ್ಲಿ ತಟ್ಟಿ ನೋಡಿದರೆ ತಕ್ಷಣ ಸಿಗುತ್ತದೆ. "ಬಿಜಿಎಂ ಬೆಂಕಿ" ಎನ್ನುವ ಬದಲು ಇದನ್ನು ಬರೆಯಿರಿ.

ಇನ್ನೊಂದು ಎಚ್ಚರ: ನೆನಪಿನಿಂದ ಬರೆಯಬೇಡಿ. 1974ರ 'ದ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' ಚಿತ್ರದಲ್ಲಿ ಮಾಂಸದ ಕೊಕ್ಕೆ ಹುಡುಗಿಯ ಬೆನ್ನಿಗೆ ಚುಚ್ಚಿದ್ದನ್ನು ಕಂಡೆವೆಂದು ಹೇಳುವವರಿದ್ದಾರೆ. ಚುಚ್ಚುವುದನ್ನು ತೋರಿಸಿಯೇ ಇಲ್ಲ. ಕೊಕ್ಕೆ ಕಾಣುತ್ತದೆ, ಅವಳ ಮುಖ ಕಾಣುತ್ತದೆ, ಕೆಳಗೆ ಒಂದು ಪಾತ್ರೆ ಇರುತ್ತದೆ, ಉಳಿದದ್ದನ್ನು ಮಾಡಿದ್ದು ನೋಡುವವನ ತಲೆ. ಆ ಚಿತ್ರವನ್ನು "ರಕ್ತದ ಹೊಳೆ" ಎಂದು ಬರೆದರೆ ಅದರ ಕಸುಬನ್ನೇ ತಪ್ಪಾಗಿ ಹೇಳಿದಂತೆ.

"ಲಾಜಿಕ್ ಇಲ್ಲ" ಎನ್ನುವ ಮೊದಲು

ಹೆದರಿದವರು ಪೆದ್ದು ಕೆಲಸ ಮಾಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಆ ಪೆದ್ದುತನಕ್ಕೆ ಚಿತ್ರ ಮೊದಲೇ ಕಾರಣ ಇಟ್ಟಿತ್ತೇ ಎಂದಷ್ಟೇ ನೋಡಿ. 'ಹ್ಯಾಲೋವೀನ್' ಕೊನೆಯಲ್ಲಿ ನಾಯಕಿ ಲಾರಿ ತನ್ನ ಕೈಗೆ ಬಂದ ಚಾಕುವನ್ನು ಎರಡು ಸಲ ಬಿಸಾಡುತ್ತಾಳೆ, ಇದು ಆ ಚಿತ್ರದ ಮೇಲಿನ ಬಹಳ ಹಳೆಯ ದೂರು. ಮೊದಲ ಸಲ ಒಪ್ಪಬಹುದು: ಕೊಲೆಗಾರ ಸತ್ತನೆಂದುಕೊಂಡಳು, ಆ ವಸ್ತು ಮುಟ್ಟಲು ಅಸಹ್ಯ. ಎರಡನೇ ಸಲಕ್ಕೆ ದೂರು ನ್ಯಾಯವಾದದ್ದೇ. ಹೀಗೆ ಸಲ ಸಲಕ್ಕೆ ಬಿಡಿಸಿ ಬರೆದರೆ ಮಾತಿಗೆ ತೂಕ ಬರುತ್ತದೆ.

ಕೊನೆಗೆ ಉಳಿಯುವವಳಿಗೆ 'ಫೈನಲ್ ಗರ್ಲ್' ಎಂಬ ಹೆಸರು ಕೊಟ್ಟದ್ದು ಅಮೆರಿಕದ ಪ್ರಾಧ್ಯಾಪಕಿ ಕ್ಯಾರಲ್ ಕ್ಲೋವರ್, 1987ರ ಒಂದು ಪ್ರಬಂಧದಲ್ಲಿ. ಪದ ಬಳಸಿ, ಆದರೆ ಅವಳು ಯಾರೆಂದು ಹೇಳಬೇಡಿ.

ಬರೆಯುವಾಗ

ಇನ್ನೂರು ಮುನ್ನೂರು ಪದ ಸಾಕು. ಕಥೆಗೆ ಎರಡು ಸಾಲು ಮೀರಬೇಡಿ, ಅದು ಪೋಸ್ಟರಿನಲ್ಲೇ ಇರುತ್ತದೆ. "ಕ್ಲೈಮ್ಯಾಕ್ಸ್ ಲಾಗ್, ಸೌಂಡ್ ವೇಸ್ಟ್" ಎಂಬ ಸಾಲನ್ನು ಚೀಟಿಯ ಗುರುತು ಮುಂದಿಟ್ಟುಕೊಂಡು ತಿದ್ದಿದರೆ ಹೀಗಾಗಬಹುದು: "58ರಿಂದ 71ನೇ ನಿಮಿಷದವರೆಗೆ ನಾಯಕಿ ಒಂದೇ ಕಾರಿಡಾರಿನಲ್ಲಿ ಮೂರು ಸಲ ಓಡುತ್ತಾಳೆ. ಬಾಗಿಲು ಎಲ್ಲಿದೆಯೆಂದು ಎರಡನೇ ಸಲಕ್ಕೇ ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಏದುಸಿರು ಕಿವಿಯ ಪಕ್ಕದಲ್ಲೇ ಕೇಳುತ್ತದೆ, ಕಾಲಿನ ಸದ್ದೇ ಇಲ್ಲ." ಇದನ್ನು ಓದಿದವನು ಒಪ್ಪಬಹುದು, ಜಗಳವನ್ನೂ ಆಡಬಹುದು. ಮೊದಲ ಸಾಲಿನ ಜೊತೆ ಜಗಳಕ್ಕೂ ದಾರಿ ಇಲ್ಲ.

ಹಿಂಸೆಯ ಬಗೆಯನ್ನು ಬಿಡಿಸಿ ಹೇಳಿ. "ತುಂಬಾ ವಯಲೆನ್ಸ್" ಎಂದರೆ ಏನೂ ಹೇಳಿದಂತಾಗಲಿಲ್ಲ. ಕಣ್ಣಿಗೆ ಗಾಯ, ಪ್ರಾಣಿಯ ಸಾವು, ಮಕ್ಕಳ ಮೇಲೆ ಹಲ್ಲೆ, ಲೈಂಗಿಕ ಹಿಂಸೆ, ಇವುಗಳಲ್ಲಿ ಯಾವುದಿದೆ, ಎಷ್ಟು ಹೊತ್ತು ಇದೆ ಎಂದು ಬರೆಯಿರಿ. ಕುತ್ತಿಗೆ ಹಾರಿದರೂ ಚಕ್ಕುಲಿ ಮೆಲ್ಲುವವರೇ ನಾಯಿ ಸತ್ತರೆ ಎದ್ದು ಹೋಗುತ್ತಾರೆ.

ಅಂತ್ಯ ಬಿಟ್ಟುಕೊಟ್ಟರೆ ಚಿತ್ರ ಮುಳುಗುತ್ತದೆ ಎಂದು ಸಿಟ್ಟಿನಲ್ಲಿ ಹೇಳಿಬಿಡುವವರಿದ್ದಾರೆ. 'ಫ್ರೈಡೇ ದ ಥರ್ಟೀನ್ತ್' ಬಂದಾಗ ಷಿಕಾಗೋ ಟ್ರಿಬ್ಯೂನ್ ವಿಮರ್ಶಕ ಜೀನ್ ಸಿಸ್ಕೆಲ್ ಬೇಕೆಂದೇ ಕೊಲೆಗಾರ ಯಾರೆಂದು ಬರೆದರು. ಸುಮಾರು ಐದೂವರೆ ಲಕ್ಷ ಡಾಲರಿನ ಆ ಚಿತ್ರ ಅಮೆರಿಕದಲ್ಲೇ ಮೂರೂವರೆ ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ನಷ್ಟವಾದದ್ದು ಓದುಗರಿಗೆ ಮಾತ್ರ.

ಅಂಕಗಳನ್ನು ಓದುವುದು

ವಿಮರ್ಶೆಗಳನ್ನು ಒಟ್ಟುಮಾಡುವ ರಾಟನ್ ಟೊಮೇಟೋಸ್ ತಾಣದ ಶೇಕಡಾವಾರು ಅಂಕವಲ್ಲ, ಮೆಚ್ಚಿದ ವಿಮರ್ಶಕರು ನೂರಕ್ಕೆ ಎಷ್ಟು ಮಂದಿ ಎಂಬ ಲೆಕ್ಕ. ಎಲ್ಲರೂ "ಪರವಾಗಿಲ್ಲ, ಹತ್ತಕ್ಕೆ ಆರು" ಎಂದರೂ 100 ಬರಬಹುದು. ಸಿನಿಮಾಸ್ಕೋರ್ ಬಿಡುಗಡೆಯ ಮೊದಲ ದಿನ ಥಿಯೇಟರಿನಿಂದ ಹೊರಬರುವವರನ್ನು ಕೇಳಿ ಕೊಡುವ ದರ್ಜೆ. ಹಾರರ್ ಚಿತ್ರಕ್ಕೆ 'ಸಿ' ಬಂದರೆ ಗಾಬರಿ ಬೇಡ, ಈ ಪ್ರಕಾರಕ್ಕೆ ಅದು ಮಾಮೂಲು.

ನೋಡುಗರು ಅಂಕ ಕೊಡುವ ಐಎಂಡಿಬಿ ತಾಣದಲ್ಲಿ ಸರಾಸರಿ ಬಿಟ್ಟು, 1ರಿಂದ 10ರವರೆಗಿನ ಕಂಬಗಳ ಚಿತ್ರ ತೆರೆಯಿರಿ. ನಡುವೆ ಗುಡ್ಡದಂತೆ ಉಬ್ಬಿದ್ದರೆ ಸಾಧಾರಣ ಚಿತ್ರ. ಎರಡೂ ತುದಿ ಎದ್ದು ನಡು ತಗ್ಗಿದ್ದರೆ ಜನ ಇಬ್ಭಾಗವಾಗಿದ್ದಾರೆ, ಅಂಥದ್ದು ಸ್ಲ್ಯಾಷರ್ ಅಭಿಮಾನಿಗಳಿಗೆ ನೋಡಲು ಯೋಗ್ಯ. 2022ರ 'ಟೆರಿಫೈಯರ್ 2' ಬಗ್ಗೆ ಹೊಗಳಿದವರೂ ತೆಗಳಿದವರೂ ಹಿಡಿದದ್ದು ಒಂದೇ ವಿಷಯ, ಅದರ 138 ನಿಮಿಷ. ಸುಮಾರು ಎರಡೂವರೆ ಲಕ್ಷ ಡಾಲರಿನಲ್ಲಿ ಅಷ್ಟು ಎಫೆಕ್ಟ್ಸ್ ಮಾಡಿದವರಿಗೆ ಯಾವುದನ್ನೂ ಕತ್ತರಿಸಲು ಮನಸ್ಸು ಬರಲಿಲ್ಲ ಎಂಬುದು ತೆರೆಯ ಮೇಲೇ ಕಾಣುತ್ತದೆ.

ನೂರಿನ್ನೂರು ಮತ ಮಾತ್ರ ಬಿದ್ದಿರುವ ಹೊಸ ಚಿತ್ರವಾದರೆ ಹತ್ತಕ್ಕೆ ಹತ್ತು ಕೊಟ್ಟು ಅಭಿಪ್ರಾಯ ಬರೆದವರ ಪುಟ ತೆರೆದು ನೋಡಿ. ಆ ಖಾತೆಯಲ್ಲಿ ಅದೊಂದೇ ಚಿತ್ರಕ್ಕೆ ಅಂಕ ಬಿದ್ದಿದ್ದು, ಬಿಡುಗಡೆಯ ವಾರದಲ್ಲೇ ತೆರೆದ ಖಾತೆಯಾಗಿದ್ದರೆ ಅದು ಚಿತ್ರತಂಡದ ಬಂಧುಬಳಗ ಇರಬಹುದು. ಒಂದು ಕೊಟ್ಟವರನ್ನೂ ಹೀಗೆಯೇ ಜಾಲಿಸಿ. ಅವರಲ್ಲಿ ಹಲವರು ಹದಿನೈದು ನಿಮಿಷಕ್ಕೆ ಎದ್ದವರು. ನಾಲ್ಕರಿಂದ ಏಳರ ನಡುವೆ ಕೊಟ್ಟು ಉದ್ದಕ್ಕೆ ಬರೆದವರನ್ನು ಓದಿ. ಕೊನೆಯವರೆಗೆ ಕೂತವರು ಅವರೇ.