ನೆರೆಯ ಪ್ರಾಕ್ಸಿಗಾಗಿ ಕಾದ ಎರಡು ಸೆಕೆಂಡು

ಪುಣೆಯ ಕೋಥ್ರೂಡ್‌ನಲ್ಲಿ ನಾವು ಕೆಲವು ಕನ್ನಡಿಗರು ನಡೆಸುವ ತರಬೇತಿ ಕೇಂದ್ರದ ಎರಡು ಕಟ್ಟಡಗಳಲ್ಲಿ ತಲಾ ಒಂದು ಸ್ಕ್ವಿಡ್ ಪ್ರಾಕ್ಸಿಯಿದ್ದು (ಒಮ್ಮೆ ಇಳಿಸಿದ ಕಡತವನ್ನು ಉಳಿಸಿಟ್ಟು ಮತ್ತೆ ಕೊಡುವ ಮಧ್ಯವರ್ತಿ ತಂತ್ರಾಂಶ), ಲಿನಕ್ಸ್ ಪ್ಯಾಕೇಜುಗಳನ್ನು ಅವು ಪರಸ್ಪರ ಹಂಚಿಕೊಳ್ಳುವಂತೆ ಮಾಡಿದ ಮೇಲೆ ವೇಗ ಹೆಚ್ಚುವ ಬದಲು ಕುಸಿಯಿತು. ಲಾಗ್ ತೆರೆದರೆ ‘ಟೈಮ್‌ಔಟ್’ ಎಂಬ ಗುರುತು ಸಾಲುಸಾಲಾಗಿ ಕಂಡಿತು. ತನ್ನಲ್ಲಿಲ್ಲದ ಕಡತವನ್ನು ಪ್ರಾಕ್ಸಿಯು ಐಸಿಪಿ (ಪ್ರಾಕ್ಸಿಗಳು ‘ಈ ಕಡತ ನಿನ್ನಲ್ಲಿದೆಯೇ’ ಎಂದು ಪರಸ್ಪರ ಕೇಳುವ ಶಿಷ್ಟಾಚಾರ) ಮೂಲಕ, 3130ನೇ ಯುಡಿಪಿ (ತಲುಪುವ ಖಾತರಿಯಿಲ್ಲದ ರವಾನೆ) ಪೋರ್ಟಿನಲ್ಲಿ, ನೆರೆಯ ಪ್ರಾಕ್ಸಿಯ ಬಳಿ ವಿಚಾರಿಸುತ್ತದೆ. ಕಟ್ಟಡಗಳ ನಡುವಿನ ವೈರ್‌ಲೆಸ್ ಸಂಪರ್ಕದಲ್ಲಿ ಆ ಉತ್ತರಗಳು ಆಗಾಗ ಕಳೆದುಹೋಗುತ್ತಿದ್ದವು, ಕಾಯುವ ಅವಧಿಯನ್ನು ನಾನೇ (ಜಾಣತನವೆಂದು ಭಾವಿಸಿ) 2000 ಮಿಲಿಸೆಕೆಂಡಿಗೆ ನಿಗದಿಪಡಿಸಿದ್ದರಿಂದ ಹಾಗೆ ಕಳೆದಾಗಲೆಲ್ಲ ಎರಡು ಸೆಕೆಂಡು ವ್ಯರ್ಥವಾಗುತ್ತಿತ್ತು. ಕಾಯುವ ಅವಧಿಯ ಆ ಸೆಟ್ಟಿಂಗನ್ನು ಅಳಿಸಿ, ಐಸಿಪಿ ವಿಚಾರಣೆಯನ್ನೇ ಕೈಬಿಟ್ಟು, ಕ್ಯಾಶ್ ಡೈಜೆಸ್ಟ್ (ನೆರೆಯ ಪ್ರಾಕ್ಸಿಯಲ್ಲಿರುವ ಕಡತಗಳ ಸಾರಾಂಶ) ಬಳಸತೊಡಗಿದೆ. ಬ್ಲೂಮ್ ಫಿಲ್ಟರ್ (ದೊಡ್ಡ ಪಟ್ಟಿಯನ್ನು ಕಿರಿದಾಗಿ ಅಡಕಗೊಳಿಸುವ ವಿಧಾನ) ರೂಪದ ಆ ಸಾರಾಂಶ ಮೊದಲೇ ಕೈಯಲ್ಲಿರುವುದರಿಂದ ಕಾಯಬೇಕಾಗಿಲ್ಲ; ಗಂಟೆಗೊಮ್ಮೆ ಮಾತ್ರ ಅದು ಹೊಸದಾಗುವುದರಿಂದ ಈಗತಾನೇ ಬಂದ ಕಡತ ನೆರೆಯ ಪ್ರಾಕ್ಸಿಗೆ ತಿಳಿಯದಿರಬಹುದು, ಆದರೆ ಅಷ್ಟು ನಷ್ಟ ನನಗೆ ಸಮ್ಮತ.