‘ಅ’ ಬಿಟ್ಟೆ, ಕನ್ನಡ ಮೋರ್ಸ್‌ಗೆ ಕೂತಿತು

ಕೊನೆಗೂ ಕನ್ನಡ ಪದಗಳು ಮೋರ್ಸ್ ಕೋಡಿನಲ್ಲಿ, ಅಂದರೆ ಚುಕ್ಕೆ-ಗೀಟುಗಳ ಸದ್ದಾಗಿ, ನನ್ನ ಬಜರ್‌ನಲ್ಲಿ ಸರಿಯಾಗಿ ಬರುತ್ತಿವೆ. "ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಸಾಕಲ್ವಾ?" ಅಂತ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರು ಹೇಳುತ್ತಲೇ ಇದ್ದರು. ಸಾಕಾಗುವುದಿಲ್ಲ. ಹಾಗೆ ಹೊಡೆದರೆ ಹಳ್ಳಿಯೂ ಹಲ್ಲಿಯೂ ಒಂದೇ.

ಸಮಯವೂ ದಂಡ. ‘ಕನ್ನಡ’ಕ್ಕೆ ಇಂಗ್ಲಿಷಿನ ಏಳು ಅಕ್ಷರ, ಅದರಲ್ಲಿ ಮೂರು ‘ಎ’. 12 ಡಬ್ಲ್ಯೂಪಿಎಂ (ನಿಮಿಷಕ್ಕೆ 12 ಪದ) ವೇಗದಲ್ಲಿ, ಅಂದರೆ ಚುಕ್ಕೆಗೆ 100 ಮಿಲಿಸೆಕೆಂಡ್ ಇಟ್ಟರೆ, 5.9 ಸೆಕೆಂಡ್ ಬೇಕು. ನಾನು ವ್ಯಂಜನದೊಳಗಿನ ‘ಅ’ ಕಳಿಸುವುದನ್ನೇ ಬಿಟ್ಟೆ. ಬೇರೆ ಸ್ವರ ಇದ್ದರೆ ಮಾತ್ರ ಅದರ ಕೋಡ್. ಒತ್ತಕ್ಷರದ ಒಳಗೆ ಮೂರು ಚುಕ್ಕೆಯಷ್ಟು ಬಿಡುವು, ಅಕ್ಷರ ಮುಗಿದ ಮೇಲೆ ಐದು, ಪದಕ್ಕೆ ಒಂಬತ್ತು. ಈಗ ‘ಕನ್ನಡ’ ಹೀಗೆ:

-.-   /   -. -.   /   -..

3.9 ಸೆಕೆಂಡ್! ‘ಳ’ಗೆ ಪೋಲೆಂಡಿನವರು ತಮ್ಮ ಅಡ್ಡಗೀಟಿನ ಎಲ್‌ಗೆ ಬಳಸುವ .-..- ತಗೊಂಡೆ. ‘ಣ’ಗೆ ಸ್ಪ್ಯಾನಿಷಿನ Ñ ಅಕ್ಷರದ --.-- ಮತ್ತು ‘ಆ’ಗೆ ಜರ್ಮನ್ನರ Ä ಅಕ್ಷರದ .-.- ಬಂತು.

ಅಕ್ಷರದ ಬಿಡುವನ್ನು ಮೊದಲು ನಾಲ್ಕಕ್ಕೆ ಇಟ್ಟಿದ್ದೆ. ಕಿವಿಗೆ ಸಿಗಲೇ ಇಲ್ಲ. ಐದಕ್ಕೆ ಏರಿಸಿದ ಮೇಲೂ ನಿಧಾನವಾಗಿ ಹೊಡೆದರೆ ಕೆಡುತ್ತದೆ. ವೇಗ 12ರ ಮೇಲೆ ಇಟ್ಟರೆ ‘ನ್ನ’ ಒಂದೇ ಉಸಿರಿನಲ್ಲಿ ಬರುತ್ತದೆ. ಕೈಯಲ್ಲಿ ಒತ್ತುವ ಮೋರ್ಸ್ ಕೀಯಲ್ಲಿ ಇಷ್ಟು ನಿಖರವಾಗಿ ಹೊಡೆಯೋದು ಕಷ್ಟ, ಅದಕ್ಕೇ ಆರ್ಡುಯಿನೋ ಅನ್ನೋ ಪುಟ್ಟ ಪ್ರೋಗ್ರಾಂ ಬೋರ್ಡ್.

ಖರ್ಚು? ಎಸ್‌ಪಿ ರೋಡಿನಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಅದರ ನಕಲಿ, ಅಂದರೆ ಕ್ಲೋನ್ ಬೋರ್ಡ್ ನನಗೆ ಸುಮಾರು 400 ರೂಪಾಯಿಗೆ ಸಿಕ್ಕಿತು, ಬಜರ್ ಇಪ್ಪತ್ತಕ್ಕೋ ಮೂವತ್ತಕ್ಕೋ. ಜಾಸ್ತಿ ದುಡ್ಡು ತಿಂದದ್ದು ದೀಪದ ಪ್ರಯೋಗ. ತಾರಸಿಯಿಂದ ತಾರಸಿಗೆ ಬೆಳಕಲ್ಲಿ ಕಳಿಸೋಣ ಅಂತ ಕಾರಿನ ಹೆಡ್‌ಲೈಟ್ ಬಲ್ಬನ್ನು ರಿಲೇಗೆ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಕಟ್ಟಿದೆ. ತಂತಿ ಬಿಸಿಯಾಗಿ ಆರುವಷ್ಟರಲ್ಲಿ ಮುಂದಿನ ಚುಕ್ಕೆ ಬಂದು ಎಲ್ಲ ಕಲಸಿಹೋಗುತ್ತಿತ್ತು. ಎಲ್ಇಡಿ ಮತ್ತು ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಹಾಕಿದ ಮೇಲೆ ಚುಕ್ಕೆಗಳು ಚೂಪಾಗಿ ಕಂಡವು. ಎಲ್ಲ ಸೇರಿ ಎರಡು ಸಾವಿರದ ಹತ್ತಿರ ಹೋಯಿತು.

ಪ್ರೋಗ್ರಾಂ ಬರೆಯುವವರು ಒಂದನ್ನು ನೋಡಿಕೊಳ್ಳಿ. ಯೂನಿಕೋಡ್‌ನಲ್ಲಿ (ಕಂಪ್ಯೂಟರಿನ ಅಕ್ಷರ ಸಂಕೇತಗಳ ಪದ್ಧತಿ) ‘ಕೊ’ದ ಸ್ವರಚಿಹ್ನೆ ಒಂದೇ ಸಂಕೇತವಾಗಿಯೂ ಬರಬಹುದು, ಎತ್ವ ಮತ್ತು ಊತ್ವ ಸೇರಿ ಎರಡಾಗಿಯೂ ಬರಬಹುದು. ಪರದೆ ಮೇಲೆ ವ್ಯತ್ಯಾಸ ಕಾಣದು, ಬಜರ್ ಮಾತ್ರ ಬೇರೆ ಹೊಡೆಯುತ್ತದೆ. ನನಗೆ ಇದೊಂದಕ್ಕೇ ಒಂದು ವಾರದಷ್ಟು ಹಿಡಿಯಿತು.

‘ಬಸ್’, ‘ಕಾರ್’ ತರಹ ಕೊನೆಗೆ ಅರ್ಧಾಕ್ಷರ ಬಂದರೆ ಏನು ಮಾಡುತ್ತೇನೆ ಅನ್ನೋದನ್ನು ಸದ್ಯಕ್ಕೆ ಹೇಳುವುದಿಲ್ಲ. ನೀವೂ ಒಂದು ದಾರಿ ಹುಡುಕಿ, ಆಮೇಲೆ ಹೋಲಿಸೋಣ. ಹೋದ ತಿಂಗಳು ಫೋನಿಗೆ ಬಜರ್ ಹಿಡಿದು ‘ನಾಳೆ ಹಾಲು ಬೇಡ’ ಅಂತ ಕಳಿಸಿದೆ. ಎಲ್ಲರಿಗಿಂತ ಜಾಸ್ತಿ ಅನುಮಾನ ಪಟ್ಟಿದ್ದ ಗೆಳೆಯ ಒಂದೇ ಸಲಕ್ಕೆ ಬರೆದುಕೊಂಡ, ‘ಳ’ ಸಮೇತ.