ಮೊತ್ತದ ಎರಡು ತುದಿ: ಸರಾಸರಿಯ ಡೇಟಾ ಸಫಿಷಿಯೆನ್ಸಿ ಲೆಕ್ಕ ನಾನು ಬಿಡಿಸುವ ಬಗೆ

ಡೇಟಾ ಸಫಿಷಿಯೆನ್ಸಿ, ಅಂದರೆ ಮಾಹಿತಿ ಸಾಕೇ ಎಂದು ನೋಡುವ ಪ್ರಶ್ನೆಗಳಲ್ಲಿ, ಉತ್ತರ ಎಷ್ಟು ಎಂದು ಕೇಳುವುದಿಲ್ಲ. ಕೊಟ್ಟಿರುವ ಎರಡು ಹೇಳಿಕೆಗಳಿಂದ ಉತ್ತರ ಖಚಿತವಾಗಿ ಸಿಗುತ್ತದೆಯೇ ಎಂದಷ್ಟೇ ಕೇಳುತ್ತಾರೆ. ಶಿವಮೊಗ್ಗದಲ್ಲಿ ಬ್ಯಾಂಕ್ ಪರೀಕ್ಷೆಗೆ, ಎಂಬಿಎ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ಗೆ ಓದುವವರ ಜೊತೆ ಕೂತು ಈ ಲೆಕ್ಕಗಳನ್ನು ಬಿಡಿಸುತ್ತೇನೆ. ಸರಾಸರಿ ಮತ್ತು ಅಸಮಾನತೆ (ಹೆಚ್ಚೇ, ಕಡಿಮೆಯೇ ಎಂಬ ಹೋಲಿಕೆ) ಒಂದೇ ಪ್ರಶ್ನೆಯಲ್ಲಿ ಬಂದಾಗ ಚೆನ್ನಾಗಿ ಓದಿದವರೂ ಎಡವುತ್ತಾರೆ. ಅವರು ಸರಾಸರಿಯನ್ನೇ ಕಂಡುಹಿಡಿಯಲು ಹೊರಟು, ಅದು ಸಿಗಲಿಲ್ಲವೆಂದು ‘ಮಾಹಿತಿ ಸಾಲದು’ ಎಂದು ಗುರುತು ಹಾಕಿಬಿಡುತ್ತಾರೆ. ನಾನು ಹುಡುಕುವುದು ಮೊತ್ತದ ಎರಡು ತುದಿಗಳನ್ನು. ಹೇಳಿಕೆಗೆ ಒಗ್ಗುವ ಅತಿ ಕಡಿಮೆ ಮೊತ್ತ ಎಷ್ಟು, ಅತಿ ಹೆಚ್ಚು ಎಷ್ಟು? ಪ್ರಶ್ನೆಯ ಗಡಿ ಆ ಎರಡರ ಹೊರಗೆ ಬಿದ್ದರೆ ಹೇಳಿಕೆ ಸಾಕು, ನಡುವೆ ಬಿದ್ದರೆ ಸಾಲದು.

ಅಡಿಕೆ ಮಂಡಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಐದು ಚೀಲಗಳಿವೆ. ಅವುಗಳ ಸರಾಸರಿ ತೂಕ 60 ಕೆಜಿಗಿಂತ ಹೆಚ್ಚೇ? ಒಂದನೇ ಹೇಳಿಕೆ: ಹೆಚ್ಚು ತೂಗುವ ಮೂರು ಚೀಲಗಳ ಸರಾಸರಿ 70 ಕೆಜಿ. ಎರಡನೇ ಹೇಳಿಕೆ: ಕಡಿಮೆ ತೂಗುವ ಮೂರು ಚೀಲಗಳ ಸರಾಸರಿ 58 ಕೆಜಿ.

ಮೊದಲು ಪ್ರಶ್ನೆಯನ್ನೇ ಮೊತ್ತಕ್ಕೆ ಇಳಿಸಿಕೊಳ್ಳಿ: ಐದರ ಮೊತ್ತ 300ಕ್ಕಿಂತ ಹೆಚ್ಚೇ? ಚೀಲಗಳನ್ನು ತೂಕದ ಏರಿಕೆಯಲ್ಲಿ ಕ ≤ ಖ ≤ ಗ ≤ ಘ ≤ ಚ ಎಂದು ಬರೆದುಕೊಳ್ಳಿ. ಈ ಸಾಲು ಬರೆಯದೆ ಮುಂದಕ್ಕೆ ಹೋಗಬೇಡಿ, ಕೊನೆಗೆ ಕೈಹಿಡಿಯುವುದು ಇದೇ.

ಒಂದನೆಯದರಿಂದ ಗ + ಘ + ಚ = 210. ಉಳಿದ ಎರಡು ಚೀಲ ಸೇರಿ 90 ದಾಟಬೇಕು. ಅವು 40, 40 ಆದರೆ ಉತ್ತರ ‘ಇಲ್ಲ’, 60, 60 ಆದರೆ ‘ಹೌದು’. ಸಾಲದು. ಎರಡನೆಯದರಿಂದ ಕ + ಖ + ಗ = 174. ಮೂರರ ಸರಾಸರಿ 58 ಆದ್ದರಿಂದ ಅವುಗಳಲ್ಲಿ ದೊಡ್ಡದಾದ ಗ 58ಕ್ಕಿಂತ ಕಡಿಮೆ ಇರಲಾರದು. ಘ, ಚ ಅದಕ್ಕೂ ಕಡಿಮೆ ಇರಲಾರವು. ಹಾಗಾಗಿ ಮೊತ್ತದ ಕೆಳತುದಿ 174 + 116 = 290. ಮೇಲ್ತುದಿಗೆ ಮಿತಿಯೇ ಇಲ್ಲ. 300 ಒಳಗೆ ಬಿತ್ತು, ಇದೂ ಸಾಲದು.

ಎರಡನ್ನೂ ಸೇರಿಸಿದರೆ 210 + 174 = 384. ಇದರಲ್ಲಿ ಗ ಎರಡು ಸಲ ಬಂದಿದೆ, ಆದ್ದರಿಂದ ನಿಜವಾದ ಮೊತ್ತ 384 − ಗ. ಗ ಎಷ್ಟೆಂದು ಯಾರೂ ಹೇಳಿಲ್ಲ. ಬಹಳಷ್ಟು ಜನ ಇಲ್ಲಿಗೇ ಪೆನ್ನು ಕೆಳಗಿಡುತ್ತಾರೆ. ಆದರೆ ಮೇಲಿನ ಮೂರರಲ್ಲಿ ಗ ಅತಿ ಚಿಕ್ಕದು, ಆ ಮೂರರ ಸರಾಸರಿ 70, ಆದ್ದರಿಂದ ಗ 70 ದಾಟುವಂತಿಲ್ಲ. ಕೆಳಗಿನ ಮೂರರಲ್ಲಿ ಅದೇ ದೊಡ್ಡದು, 58ಕ್ಕಿಂತ ಇಳಿಯುವಂತಿಲ್ಲ. ಅಂದರೆ ಮೊತ್ತ 314ರಿಂದ 326ರವರೆಗೆ. 300 ಇದರ ಹೊರಗಿದೆ. ಸರಾಸರಿ ಎಷ್ಟೆಂದು ಗೊತ್ತಿಲ್ಲದಿದ್ದರೂ ಅದು 60 ದಾಟಿರುವುದು ಖಚಿತ. ಎರಡೂ ಹೇಳಿಕೆ ಸೇರಿದರೆ ಸಾಕು.

ಹೇಳಿಕೆಗಳನ್ನು ಹಾಗೇ ಬಿಟ್ಟು ಪ್ರಶ್ನೆಯಲ್ಲಿ 60ರ ಬದಲು 64 ಎಂದು ಹಾಕಿ ನೋಡಿ. ಗಡಿ 320 ಆಗುತ್ತದೆ, ಅದು 314 ಮತ್ತು 326ರ ನಡುವೆ ಬೀಳುತ್ತದೆ, ಎರಡೂ ಸೇರಿದರೂ ಸಾಲದು. ನನ್ನ ಮಟ್ಟಿಗೆ ಈ ಒಂದು ಜೋಡಿಯನ್ನು ಕೈಯಾರೆ ಬಿಡಿಸುವುದು ಇಪ್ಪತ್ತು ಸೂತ್ರ ಬಾಯಿಪಾಠ ಮಾಡುವುದಕ್ಕಿಂತ ಮೇಲು.

ತುದಿ ಗಡಿಯನ್ನು ಮುಟ್ಟಿದಾಗ ಮಾತ್ರ ನಿಧಾನಿಸಬೇಕು. ಗಡಿ 314 ಆಗಿದ್ದು ‘ಹೆಚ್ಚೇ’ ಎಂದು ಕೇಳಿದ್ದರೆ ಸಾಲದು, ‘ಕಡಿಮೆಯಿಲ್ಲವೇ’ ಎಂದು ಕೇಳಿದ್ದರೆ ಸಾಕು.

ಇನ್ನೊಂದು ತಪ್ಪು ‘ಇಲ್ಲ’ ಎಂಬ ಉತ್ತರದ ಬಗ್ಗೆ. ರಾಶಿ, ಬೆಟ್ಟೆ ಎಂಬುವು ಅಡಿಕೆಯ ಎರಡು ಬಗೆ. ಲೆಕ್ಕಕ್ಕೆಂದು ರಾಶಿ ಕ್ವಿಂಟಲ್‌ಗೆ 48,000 ರೂಪಾಯಿ, ಬೆಟ್ಟೆ 54,000 ಎಂದಿಟ್ಟುಕೊಳ್ಳಿ. ಎರಡನ್ನೂ ಮಾರಿದಾಗ ಕ್ವಿಂಟಲ್‌ಗೆ ಸಿಕ್ಕ ಸರಾಸರಿ 51,000 ದಾಟಿತೇ? 51,000 ಸರಿಯಾಗಿ ನಡುವಿನ ಬೆಲೆ, ಆದ್ದರಿಂದ ಪ್ರಶ್ನೆಯ ಒಳಗಿರುವುದು ಇಷ್ಟೇ: ಬೆಟ್ಟೆ ರಾಶಿಗಿಂತ ಹೆಚ್ಚಿತ್ತೇ? ‘ಬೆಟ್ಟೆಯ ತೂಕ ರಾಶಿಗಿಂತ ಕಡಿಮೆ’ ಎಂಬ ಹೇಳಿಕೆ ಬಂದರೆ ಉತ್ತರ ಖಚಿತವಾಗಿ ‘ಇಲ್ಲ’. ಖಚಿತವಾದ ‘ಇಲ್ಲ’ ಕೂಡ ಸಾಕು ಎಂದೇ ಅರ್ಥ. ‘ಒಟ್ಟು 12 ಕ್ವಿಂಟಲ್ ಮಾರಿದರು’ ಎಂಬ ಹೇಳಿಕೆ ಕಣ್ಣಿಗೆ ದೊಡ್ಡ ಮಾಹಿತಿಯಂತೆ ಕಂಡರೂ ಇಲ್ಲಿ ಏನೂ ಉಪಯೋಗವಿಲ್ಲ.

ಚಿಹ್ನೆಯ ವಿಷಯವನ್ನು ಬೇರೆಯಾಗಿಯೇ ನೋಡಬೇಕು. ಮ, ನ ಎರಡು ಸಂಖ್ಯೆಗಳು. ಅವುಗಳ ಸರಾಸರಿ ‘ಮ’ಗಿಂತ ದೊಡ್ಡದೇ? ಇದು ನ > ಮ ಎಂಬ ಪ್ರಶ್ನೆಯೇ. ಒಂದನೇ ಹೇಳಿಕೆ: ನ ವರ್ಗ ಮ ವರ್ಗಕ್ಕಿಂತ ದೊಡ್ಡದು. ಎರಡನೇ ಹೇಳಿಕೆ: ನ ÷ ಮ > 1. ಎರಡನೆಯದರಲ್ಲಿ ಎರಡೂ ಬದಿಯನ್ನು ‘ಮ’ದಿಂದ ಗುಣಿಸಿ ‘ನ > ಮ’ ಎಂದು ಬರೆಯುವ ಆಸೆ ಆಗುತ್ತದೆ, ಮ ಋಣ ಸಂಖ್ಯೆಯಾದರೆ ಅಸಮಾನತೆ ತಿರುಗುತ್ತದೆ. ಮ = 2, ನ = 4 ಎರಡೂ ಹೇಳಿಕೆಗೆ ಒಗ್ಗುತ್ತವೆ, ಉತ್ತರ ‘ಹೌದು’. ಮ = −2, ನ = −4 ಕೂಡ ಒಗ್ಗುತ್ತವೆ, ಉತ್ತರ ‘ಇಲ್ಲ’. ಎರಡು ಸೇರಿದರೂ ಸಾಲದು. ಎರಡನೇ ಹೇಳಿಕೆ ನಿಜವಾದರೆ ಒಂದನೆಯದು ತಾನಾಗಿಯೇ ನಿಜವಾಗುತ್ತದೆ, ಇಂಥ ಕಡೆ ಸೇರಿಸಿದ್ದರಿಂದ ಹೊಸದೇನೂ ಹುಟ್ಟುವುದಿಲ್ಲ. ಆದರೆ ಮ, ನ ಎಂದರೆ ಆಗುಂಬೆಯ ಜೂನ್ ಮತ್ತು ಜುಲೈ ಮಳೆ ಎಂದು ಪ್ರಶ್ನೆ ಹೇಳಿದ್ದರೆ ಎಲ್ಲ ಬದಲಾಗುತ್ತದೆ. ಮಳೆ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ, ಆಗ ಒಂದೊಂದೇ ಹೇಳಿಕೆಯೂ ಸಾಕು.

ಪೂರ್ಣಸಂಖ್ಯೆಯ ಪ್ರಶ್ನೆಗಳಲ್ಲಿ ಅಸಮಾನತೆಯೊಂದೇ ನಿಖರ ಬೆಲೆ ಕೊಡುವುದೂ ಉಂಟು. ಐದು ಮನೆಗಳಲ್ಲಿ ಮಲೆನಾಡು ಗಿಡ್ಡ ಹಸುಗಳಿವೆ, ಪ್ರತಿ ಮನೆಯಲ್ಲೂ ಒಂದಾದರೂ ಇದೆ, ಯಾವ ಎರಡು ಮನೆಯ ಸಂಖ್ಯೆಯೂ ಒಂದೇ ಅಲ್ಲ. ಅತಿ ಹೆಚ್ಚು ಹಸು ಇರುವ ಮನೆಯಲ್ಲಿ ಎಷ್ಟಿವೆ? ಹೇಳಿಕೆ: ಸರಾಸರಿ 3.2ಕ್ಕಿಂತ ಕಡಿಮೆ. ಮೊತ್ತ 16ಕ್ಕಿಂತ ಕಡಿಮೆ ಇರಬೇಕು, ಬೇರೆ ಬೇರೆ ಐದು ಸಂಖ್ಯೆಗಳ ಕನಿಷ್ಠ ಮೊತ್ತವೇ 1 + 2 + 3 + 4 + 5 = 15. ಬೇರೆ ದಾರಿಯಿಲ್ಲ, ಉತ್ತರ 5. ಸರಾಸರಿ 3.4ಕ್ಕಿಂತ ಕಡಿಮೆ ಎಂದಿದ್ದರೆ ಮೊತ್ತ 16 ಕೂಡ ಆಗಬಹುದು, ಆಗ 1, 2, 3, 4, 6 ಬರುತ್ತದೆ, ಹೇಳಿಕೆ ಸಾಲದು.

ಗುರುತು ಹಾಕುವಾಗ ಆಯ್ಕೆಯ ಅಕ್ಷರ ನಂಬಬೇಡಿ, ವಾಕ್ಯ ಓದಿ. ಜಿಮ್ಯಾಟ್‌ನಲ್ಲಿ ಮೂರನೆಯ ಆಯ್ಕೆ ‘ಎರಡೂ ಸೇರಿದರೆ ಸಾಕು’, ನಾಲ್ಕನೆಯದು ‘ಒಂದೊಂದೇ ಸಾಕು’. ಬ್ಯಾಂಕ್ ಪತ್ರಿಕೆಗಳಲ್ಲಿ ಈ ಕ್ರಮವೇ ಇರಬೇಕೆಂದಿಲ್ಲ. ಜಿಮ್ಯಾಟ್‌ನ ಡೇಟಾ ಇನ್‌ಸೈಟ್ಸ್ ವಿಭಾಗದಲ್ಲಿ 45 ನಿಮಿಷಕ್ಕೆ 20 ಪ್ರಶ್ನೆ, ಒಂದಕ್ಕೆ ಎರಡೂಕಾಲು ನಿಮಿಷ. ಅದರಲ್ಲಿ ಮೊದಲ ಅರ್ಧ ನಿಮಿಷವನ್ನು ಹೇಳಿಕೆಗಳ ಕಡೆ ನೋಡದೆ ಪ್ರಶ್ನೆಯನ್ನು ಮೊತ್ತಕ್ಕೆ ಇಳಿಸಲು ಮೀಸಲಿಡಿ.